ಗೋತ್ರ ಬೇರೆ, ರಕ್ತ ಒಂದೇ: ಸೋದರಮಾವನ ಮದುವೆಯ ಲೆಕ್ಕ

ಪ್ರಶ್ನೆ: ನನಗೆ 25 ವರ್ಷ. ಬಸವೇಶ್ವರನಗರದಲ್ಲಿ ನಮ್ಮ ಮನೆ. ಎಂ.ಕಾಂ. ಮುಗಿಸಿ ರಾಜಾಜಿನಗರದ ಆಡಿಟರ್ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಅಮ್ಮನ ತಮ್ಮನಿಗೇ ನನ್ನನ್ನು ಕೊಡಬೇಕೆಂದು ಮನೆಯಲ್ಲಿ ಮಾತಾಗಿದೆ. ಮಾವನಿಗೆ 32. ವಿಜಯನಗರದಲ್ಲಿ ಹಾರ್ಡ್‌ವೇರ್ ಅಂಗಡಿ, ಸ್ವಂತ ಮನೆ, ಒಂದು ಕೆಟ್ಟ ಚಟವಿಲ್ಲ. ಅಜ್ಜಿಗೆ ಆರೋಗ್ಯ ಸರಿಯಿಲ್ಲ. ‘ಹುಡುಗಿ ಕಣ್ಣೆದುರಿಗೇ ಇರ್ತಾಳೆ, ನಾನು ಕಣ್ಣು ಮುಚ್ಚೋ ಮುಂಚೆ ಅಕ್ಷತೆ ಬೀಳಲಿ’ ಅಂತ ದಿನಾ ಹೇಳುತ್ತಾರೆ.

ನನ್ನ ಭಯ ಇದು. ದೊಡ್ಡಮ್ಮನನ್ನೂ ಹೀಗೇ ಅವರ ಸೋದರಮಾವನಿಗೆ, ಅಂದರೆ ಅಜ್ಜಿಯ ತಮ್ಮನಿಗೆ ಕೊಟ್ಟಿದ್ದರು. ಅವರಿಗೆ ಇಬ್ಬರು ಮಕ್ಕಳು. ಅಕ್ಕನಿಗೆ ಏನೂ ತೊಂದರೆಯಿಲ್ಲ, ಅಣ್ಣನಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ನನ್ನ ಮಕ್ಕಳಿಗೂ ಹಾಗಾದರೆ? ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಪುರೋಹಿತರು ‘ಗೋತ್ರ ಬೇರೆ, ಜಾತಕ ಕೂಡಿದೆ, ದೋಷವಿಲ್ಲ’ ಎಂದರು. ಅಜ್ಜಿ ‘ನಮ್ಮಮ್ಮನೂ ಸೋದರಮಾವನನ್ನೇ ಮಾಡಿಕೊಂಡಿದ್ದು, ನಾವೆಲ್ಲ ಗುಂಡುಕಲ್ಲಿನಂತೆ ಇಲ್ಲವೇ?’ ಎನ್ನುತ್ತಾರೆ. ಗೆಳತಿಯೊಬ್ಬಳು ‘ನಿಮ್ಮಿಬ್ಬರದೂ ಓ ಪಾಸಿಟಿವ್, ಒಂದೇ ಬ್ಲಡ್ ಗ್ರೂಪ್ ಆದರೆ ಮಗು ಸರಿಯಿರಲ್ಲ’ ಅಂತ ಹೆದರಿಸಿದ್ದಾಳೆ. ಅಜ್ಜ ಬೇರೆ ಕಡೆಯವರು, ಅಜ್ಜಿಗೆ ಸಂಬಂಧವಿರಲಿಲ್ಲ. ನಮ್ಮಪ್ಪನೂ ಹೊರಗಿನವರು. ಡಾಕ್ಟರು ಮದುವೆ ಬೇಡ ಅಂತ ಬರೆದುಕೊಟ್ಟರೆ ಮನೆಯವರು ಸುಮ್ಮನಾಗುತ್ತಾರೆ. ಮಾವ ನನ್ನನ್ನು ಎತ್ತಿ ಆಡಿಸಿದವರು. ಅವರನ್ನು ಬೇರೆ ರೀತಿ ನೋಡಲು ನನಗೆ ಬರುತ್ತಿಲ್ಲ.

– ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಮಕ್ಕಳಿಗೆ ಏನಾಗುತ್ತದೆ ಎಂಬುದನ್ನು ನೇರವಾಗಿ ಕೇಳಿದ್ದೀರಿ. ಇನ್ನೊಂದನ್ನು ಕೊನೆಯಲ್ಲಿ ಹೇಳಿಯೂ ಹೇಳದಂತೆ ಬಿಟ್ಟಿದ್ದೀರಿ. ಕೇಳಿದ್ದಕ್ಕೆ ಮೊದಲು ಉತ್ತರಿಸುತ್ತೇನೆ. ನೀವು ಲೆಕ್ಕಪತ್ರ ನೋಡುವವರು, ಹಾಗಾಗಿ ಲೆಕ್ಕವನ್ನು ಮುಚ್ಚಿಡದೆ ಬಿಡಿಸಿಯೇ ಹೇಳುತ್ತೇನೆ.

ನಮ್ಮ ಪ್ರತಿ ಜೀವಕೋಶದಲ್ಲಿ 23 ಜೋಡಿ ವರ್ಣತಂತುಗಳಿವೆ. ಪ್ರತಿ ಜೋಡಿಯಲ್ಲಿ ಒಂದು ಅಪ್ಪನದು, ಒಂದು ಅಮ್ಮನದು. ಅವುಗಳ ಮೇಲೆ ಸುಮಾರು 20 ಸಾವಿರ ವಂಶವಾಹಿಗಳು, ಅಂದರೆ ಜೀನ್‌ಗಳು. ಹೀಗಾಗಿ ಹೆಚ್ಚುಕಡಿಮೆ ಪ್ರತಿ ಜೀನ್‌ಗೂ ನಮ್ಮಲ್ಲಿ ಎರಡು ಪ್ರತಿಗಳಿರುತ್ತವೆ. ಮನೆಯ ಬೀಗಕ್ಕೆ ಎರಡು ಕೀಲಿಕೈ ಇದ್ದ ಹಾಗೆ: ಒಂದು ಮುರಿದಿದ್ದರೂ ಇನ್ನೊಂದರಿಂದ ಬಾಗಿಲು ತೆರೆಯುತ್ತದೆ, ಎರಡೂ ಮುರಿದಿದ್ದರೆ ಮಾತ್ರ ನಾವು ಹೊರಗೇ ನಿಲ್ಲಬೇಕು. ಒಂದೇ ಪ್ರತಿ ಕೆಟ್ಟಿರುವವರನ್ನು ‘ವಾಹಕ’ರು ಎನ್ನುತ್ತಾರೆ. ಅವರಿಗೆ ಕಾಯಿಲೆ ಇರುವುದಿಲ್ಲ, ಬಹುತೇಕರಿಗೆ ತಾವು ವಾಹಕರೆಂಬುದು ಜೀವಮಾನವಿಡೀ ಗೊತ್ತಾಗುವುದೂ ಇಲ್ಲ. ಇದನ್ನು ಬರೆಯುತ್ತಿರುವ ನಾನು, ಓದುತ್ತಿರುವ ನೀವು, ನಿಮ್ಮ ಪುರೋಹಿತರು, ಎಲ್ಲರೂ ಒಂದಲ್ಲ ಒಂದು ಕೆಟ್ಟ ಪ್ರತಿಯನ್ನು ಹೊತ್ತೇ ಓಡಾಡುತ್ತಿದ್ದೇವೆ.

ಗಂಡ ಹೆಂಡತಿ ಇಬ್ಬರೂ ಒಂದೇ ಜೀನ್‌ನ ವಾಹಕರಾದಾಗ ತೊಂದರೆ ಶುರುವಾಗುತ್ತದೆ. ಇಬ್ಬರೂ ತಮ್ಮ ಎರಡು ಪ್ರತಿಗಳಲ್ಲಿ ಒಂದನ್ನು ಮಗುವಿಗೆ ಕೊಡುತ್ತಾರೆ. ಯಾವುದನ್ನು ಕೊಡುವುದೆಂಬುದು ಅವರ ಕೈಯಲ್ಲಿಲ್ಲ. ನಾಲ್ಕು ಸಾಧ್ಯತೆಗಳಲ್ಲಿ ಒಂದರಲ್ಲಿ ಎರಡೂ ಕೆಟ್ಟವು ಸೇರುತ್ತವೆ, ಎರಡರಲ್ಲಿ ಮಗು ವಾಹಕವಾಗುತ್ತದೆ, ಒಂದರಲ್ಲಿ ಎರಡೂ ಒಳ್ಳೆಯವು. ಈ ಕಾಲುಭಾಗದ ನಿಯಮವನ್ನು ಮೊದಲು ಕಂಡುಕೊಂಡವನು ಗ್ರೆಗರ್ ಮೆಂಡೆಲ್ ಎಂಬ ಪಾದ್ರಿ. ಅವನು ತನ್ನ ಮಠದ ತೋಟದಲ್ಲಿ ಬಟಾಣಿ ಬೆಳೆದು ಎಣಿಸಿದಾಗ 5,474 ದುಂಡು ಕಾಳು, 1,850 ಸುಕ್ಕುಕಾಳು ಸಿಕ್ಕವು. ಹೆಚ್ಚುಕಡಿಮೆ ಮೂರಕ್ಕೆ ಒಂದು. 1866ರಲ್ಲಿ ಅದು ಅಚ್ಚಾದರೂ ಸುಮಾರು 35 ವರ್ಷ ಯಾರೂ ಅದರತ್ತ ಗಮನ ಕೊಡಲಿಲ್ಲ. ನಿಮ್ಮ ದೊಡ್ಡಮ್ಮನ ಮನೆಯಲ್ಲಿ ನಡೆದಿರುವುದೂ ಬಹುಶಃ ಇದೇ ನಿಯಮ.

ಒಂದು ಎಚ್ಚರಿಕೆ. ನಾಲ್ಕರಲ್ಲಿ ಒಂದು ಎಂದರೆ ನಾಲ್ಕು ಮಕ್ಕಳಲ್ಲಿ ಒಬ್ಬರಿಗೆ ಎಂದು ಲೆಕ್ಕ ಹಂಚಿಕೊಡುವುದಲ್ಲ. ಪ್ರತಿ ಬಸಿರಿನಲ್ಲೂ ಆ ಕಾಲುಭಾಗ ಹೊಸದಾಗಿ ಶುರುವಾಗುತ್ತದೆ. ‘ಮೊದಲನೆಯದು ಹೀಗಾಯಿತು, ಎರಡನೆಯದು ಸರಿಹೋಗುತ್ತೆ’ ಎಂಬ ಸಮಾಧಾನಕ್ಕೂ, ‘ಮೊದಲ ಮಗು ಚೆನ್ನಾಗಿದೆ, ಇನ್ನು ಭಯವಿಲ್ಲ’ ಎಂಬ ಧೈರ್ಯಕ್ಕೂ ಆಧಾರವಿಲ್ಲ. ಅಜ್ಜಿಯ ಮಾತಿಗೂ ಇದೇ ಉತ್ತರ. ಅವರ ತಂದೆತಾಯಿ ಸೋದರಿಕೆಯಲ್ಲಿ ಮದುವೆಯಾಗಿ ಮಕ್ಕಳು ಗಟ್ಟಿಯಾಗಿ ಬೆಳೆದದ್ದು ನಿಜ. ಸೋದರಿಕೆಯ ಹೆಚ್ಚಿನ ಮನೆಗಳಲ್ಲಿ ಹೆಚ್ಚಿನ ಮಕ್ಕಳು ಚೆನ್ನಾಗಿಯೇ ಇರುತ್ತಾರೆ. ಆದರೆ ಆ ಗುಂಡುಕಲ್ಲಿನಂಥ ಅಜ್ಜಿ ಮತ್ತು ಅವರ ತಮ್ಮ ಇಬ್ಬರೂ ವಾಹಕರಾಗಿದ್ದಿರಬಹುದು. ಅದು ಹೊರಬಿದ್ದದ್ದು ಮುಂದಿನ ತಲೆಮಾರಿನಲ್ಲಿ.

ಇನ್ನು ಗೋತ್ರದ ಮಾತು. ಪುರೋಹಿತರು ಸುಳ್ಳು ಹೇಳಿಲ್ಲ. ನಿಮ್ಮದು ನಿಮ್ಮ ತಂದೆಯ ಗೋತ್ರ, ಮಾವನದು ಅಜ್ಜನ ಗೋತ್ರ. ಎರಡೂ ಬೇರೆಯೇ. ಗೋತ್ರವಾಗಲಿ ಬೆಡಗಾಗಲಿ ತಂದೆಯ ಒಂದೇ ಎಳೆಯನ್ನು ಹಿಡಿದು ಹೋಗುತ್ತದೆ. ದೇಹದಲ್ಲಿ ಹಾಗೆ ಅಪ್ಪನಿಂದ ಮಗನಿಗೆ ಮಾತ್ರ ಹೋಗುವುದು ವೈ ವರ್ಣತಂತು ಒಂದೇ. ಕರಾವಳಿಯ ಅಳಿಯಸಂತಾನದ ಮನೆಗಳಲ್ಲಿ ‘ಬಳಿ’ ತಾಯಿಯ ಕಡೆಯಿಂದ ಬರುತ್ತದೆ. ಅಲ್ಲಿ ಸೋದರಮಾವನೂ ಅಕ್ಕನ ಮಗಳೂ ಒಂದೇ ಬಳಿಯವರು, ಮದುವೆಯ ಮಾತೇ ಇಲ್ಲ. ಮಂಡ್ಯ, ತುಮಕೂರಿನ ಕಡೆ ಮೊದಲ ಹಕ್ಕು ಎನಿಸಿಕೊಂಡ ಸಂಬಂಧ ಮಂಗಳೂರಿನ ಕಡೆ ನಿಷಿದ್ಧ. ಜೀನ್‌ಗಳು ಮಾತ್ರ ಎರಡೂ ಕಡೆ ಒಂದೇ ಲೆಕ್ಕದಲ್ಲಿ ಹಂಚಿಹೋಗುತ್ತವೆ: ಅಪ್ಪನಿಂದ ಅರ್ಧ, ಅಮ್ಮನಿಂದ ಅರ್ಧ. ಒಂದೇ ತಂದೆತಾಯಿಯ ಮಕ್ಕಳಾದ ನಿಮ್ಮ ಅಮ್ಮ ಮತ್ತು ಮಾವನ ನಡುವೆ ಸರಾಸರಿ ಅರ್ಧ ಪಾಲು ಸಮಾನ. ನಿಮಗೂ ಮಾವನಿಗೂ ಕಾಲುಭಾಗ. ಅತ್ತೆಮಗ ಮತ್ತು ಮಾವನಮಗಳ ನಡುವೆ ಎಂಟನೇ ಒಂದು ಭಾಗ.

ಕಾನೂನು ಏನು ಹೇಳುತ್ತದೆ ಎಂದು ಮನೆಯಲ್ಲಿ ಯಾರಾದರೂ ಎತ್ತಬಹುದು. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಸೋದರಮಾವ ಮತ್ತು ಅಕ್ಕನ ಮಗಳ ಮದುವೆ ನಿಷೇಧಿತ ಸಂಬಂಧಗಳ ಪಟ್ಟಿಯಲ್ಲೇ ಇದೆ. ರೂಢಿ, ಸಂಪ್ರದಾಯ ಒಪ್ಪಿದರೆ ಆಗಬಹುದು ಎಂಬ ವಿನಾಯಿತಿಯೂ ಅಲ್ಲೇ ಇದೆ. ನಮ್ಮ ಕಡೆಯ ಮದುವೆಗಳು ನಿಂತಿರುವುದು ಆ ವಿನಾಯಿತಿಯ ಮೇಲೆ.

ಈ ರೂಢಿ ನಮ್ಮಲ್ಲಿ ಎಷ್ಟು ಆಳವಾಗಿದೆ ಎಂಬುದಕ್ಕೆ ಬೆಂಗಳೂರಿನಲ್ಲೇ ನಡೆದ ಕೆಲಸ ಸಾಕ್ಷಿ. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ಎಚ್.ಎಸ್. ಸಾವಿತ್ರಿ ಅವರು ಅಲನ್ ಬಿಟಲ್ಸ್ ಎಂಬ ವಿಜ್ಞಾನಿಯ ಜೊತೆ ಸೇರಿ ಕರ್ನಾಟಕದ ಸೋದರಿಕೆಯ ಮದುವೆಗಳನ್ನು ಅಧ್ಯಯನ ಮಾಡಿದರು. ಆ ದಶಕದಲ್ಲಿ ರಾಜ್ಯದಲ್ಲಿ ಕಲೆಹಾಕಿದ ಲಕ್ಷಕ್ಕೂ ಹೆಚ್ಚು ಮದುವೆಗಳ ವಿವರದಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಸಂಬಂಧದೊಳಗೇ ಆಗಿತ್ತು. ಈಚಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ (2019–21) ಕರ್ನಾಟಕದಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಮದುವೆ ರಕ್ತಸಂಬಂಧದಲ್ಲೇ ಆಗಿದೆ. ಇಡೀ ದೇಶದಲ್ಲಿ ಅದು ಹತ್ತರಲ್ಲಿ ಒಂದರ ಆಸುಪಾಸು. ಹಾಗಾಗಿ ನಿಮ್ಮ ಮನೆಯವರು ಯಾವ ವಿಚಿತ್ರವನ್ನೂ ಮಾಡಹೊರಟಿಲ್ಲ. ಅವರನ್ನು ಹಳಬರು, ಮೂಢರು ಎಂದು ಬೈದು ಮಾತು ಶುರುಮಾಡಬೇಡಿ.

ಅಪಾಯ ಎಷ್ಟು? ಸಂಬಂಧವೇ ಇಲ್ಲದ ಗಂಡ ಹೆಂಡತಿಗೂ ನೂರು ಮಕ್ಕಳಲ್ಲಿ ಎರಡು ಮೂರು ಮಕ್ಕಳು ಗಂಭೀರ ಜನ್ಮಜಾತ ತೊಂದರೆಯೊಂದಿಗೆ ಹುಟ್ಟಬಹುದು. ಅತ್ತೆಮಗ, ಮಾವನಮಗಳ ಮದುವೆಯಲ್ಲಿ ಅದರ ಮೇಲೆ ಇನ್ನೂ ಎರಡು ಮೂರು ಸೇರುತ್ತದೆ. ಸೋದರಮಾವನ ಮದುವೆಯಲ್ಲಿ ಸಮಾನ ಪಾಲು ಇಮ್ಮಡಿಯಾದ್ದರಿಂದ ಅಪಾಯ ಅದಕ್ಕಿಂತಲೂ ಹೆಚ್ಚು. ಇದು ಯಾರ ಮನೆಯಲ್ಲೂ ಕಾಯಿಲೆ ಕಾಣಿಸಿಕೊಳ್ಳದಿದ್ದಾಗಿನ ಸಾಮಾನ್ಯ ಲೆಕ್ಕ. ನಿಮ್ಮ ಮನೆಯಲ್ಲಿ ಕಿವಿ ಕೇಳಿಸದ ಅಣ್ಣನಿದ್ದಾನೆ. ಆದ್ದರಿಂದ ನಿಮ್ಮ ಲೆಕ್ಕವನ್ನು ಬೇರೆಯೇ ಮಾಡಬೇಕು.

ಒಂದು ಹಾಳೆ ತೆಗೆದುಕೊಳ್ಳಿ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ ಬರೆಯಿರಿ. ಸಂಬಂಧದೊಳಗಿನ ಮದುವೆಗೆ ಜೋಡಿಗೆರೆ ಎಳೆಯಿರಿ. ತಳಿವಿಜ್ಞಾನದ ವೈದ್ಯರು ಮೊದಲು ಬರೆಯುವುದೂ ಈ ಚಿತ್ರವನ್ನೇ. ಅಣ್ಣನ ಕಿವುಡುತನ ವಂಶವಾಹಿಯಿಂದ ಬಂದದ್ದು, ಎರಡೂ ಪ್ರತಿ ಕೆಟ್ಟಾಗ ಬರುವ ಬಗೆಯದು ಎಂದಿಟ್ಟುಕೊಳ್ಳೋಣ. ಆಗ ದೊಡ್ಡಮ್ಮ, ದೊಡ್ಡಪ್ಪ ಇಬ್ಬರೂ ವಾಹಕರು. ದೊಡ್ಡಮ್ಮನಿಗೆ ಅದು ಬಂದದ್ದು ಬಹುಮಟ್ಟಿಗೆ ಅಜ್ಜಿಯಿಂದ, ಏಕೆಂದರೆ ದೊಡ್ಡಪ್ಪ ಅಜ್ಜಿಯ ಒಡಹುಟ್ಟಿದ ತಮ್ಮ. ಅಂದಮೇಲೆ ಅಜ್ಜಿ ವಾಹಕಿ. ಅಜ್ಜಿಯಿಂದ ನಿಮ್ಮ ಮಾವನಿಗೆ ಆ ಪ್ರತಿ ಬಂದಿರುವ ಸಾಧ್ಯತೆ ಅರ್ಧ. ನಿಮ್ಮ ಅಮ್ಮನಿಗೆ ಅರ್ಧ, ಅಮ್ಮನಿಂದ ನಿಮಗೆ ಅದರ ಅರ್ಧ, ಅಂದರೆ ಕಾಲು. ಇಬ್ಬರೂ ವಾಹಕರಾಗಿರುವ ಸಾಧ್ಯತೆ ಅರ್ಧ ಗುಣಿಸು ಕಾಲು, ಎಂಟರಲ್ಲಿ ಒಂದು. ಆಗಲೂ ಮಗುವಿಗೆ ಎರಡೂ ಕೆಟ್ಟ ಪ್ರತಿ ಸಿಗುವುದು ನಾಲ್ಕರಲ್ಲಿ ಒಂದು ಸಲ. ಒಟ್ಟು 32ರಲ್ಲಿ ಒಂದು, ನೂರಕ್ಕೆ ಸುಮಾರು ಮೂರು.

ಹೊರಗಿನ ಹುಡುಗನನ್ನು ಮದುವೆಯಾದರೆ? ಅವನು ಇದೇ ಜೀನ್‌ನ ವಾಹಕನಾಗಿರುವ ಸಾಧ್ಯತೆ ಐವತ್ತರಲ್ಲಿ ಒಂದು ಎಂದು ಲೆಕ್ಕಕ್ಕೆ ಹಿಡಿದರೂ 800ರಲ್ಲಿ ಒಂದಕ್ಕೆ ಇಳಿಯುತ್ತದೆ. ಹಿಂದಿನ ಎಷ್ಟು ತಲೆಮಾರು ಸೋದರಿಕೆಯಾಗಿದ್ದರೂ ಮಗುವಿನಲ್ಲಿ ಎರಡು ಕೆಟ್ಟ ಪ್ರತಿ ಸೇರುವುದು ಅದರ ತಂದೆತಾಯಿಯ ನಡುವಿನ ಸಂಬಂಧದ ಮೇಲೆ ನಿಂತಿದೆ. ಒಂದೇ ಒಂದು ಹೊರಗಿನ ಮದುವೆ ಆ ಸರಪಳಿಯನ್ನು ಕಡಿಯುತ್ತದೆ. ‘ನಮ್ಮ ವಂಶಕ್ಕೇ ದೋಷ ಅಂಟಿದೆ’ ಎಂದು ನೀವು ಕೊರಗಬೇಕಾಗಿಲ್ಲ.

ಈ ಅಂಕಿಗಳು ಊಹೆಯ ಮೇಲೆ ನಿಂತಿವೆ. ಊಹೆಯನ್ನು ಪರೀಕ್ಷೆ ಮಾಡಿ ಖಚಿತ ಮಾಡಿಕೊಳ್ಳಬಹುದು. ಇಲ್ಲಿ ಬಹಳಷ್ಟು ಮನೆಯವರು ತಪ್ಪುತ್ತಾರೆ: ಮದುವೆಯಾಗುವ ಇಬ್ಬರನ್ನು ಕರೆದುಕೊಂಡು ಹೋಗಿ ‘ಎಲ್ಲ ಟೆಸ್ಟ್ ಮಾಡಿ’ ಎನ್ನುತ್ತಾರೆ. ಪರೀಕ್ಷೆ ಶುರುವಾಗಬೇಕಾದದ್ದು ನಿಮ್ಮ ಅಣ್ಣನಿಂದ, ಅವನ ಒಪ್ಪಿಗೆಯಿಂದ. ಹುಟ್ಟುಕಿವುಡಿಗೆ ಬಸಿರಿನಲ್ಲಿ ತಾಯಿಗೆ ಬಂದ ರುಬೆಲ್ಲಾದಂಥ ಸೋಂಕು, ಹುಟ್ಟಿದ ಕೂಡಲೇ ಬಂದ ತೀವ್ರ ಕಾಮಾಲೆ, ಕೆಲವು ಔಷಧಗಳು ಕೂಡ ಕಾರಣವಾಗುತ್ತವೆ. ಅಂಥದ್ದೇನಾದರೂ ಆಗಿದ್ದರೆ ಮೇಲಿನ ಲೆಕ್ಕವೇ ಬಿದ್ದುಹೋಗುತ್ತದೆ. ವಂಶವಾಹಿಯದೇ ಆದರೆ ಮೊದಲು ನೋಡುವುದು ಕನೆಕ್ಸಿನ್ 26 ಎಂಬ ಪ್ರೋಟೀನಿನ ಜೀನ್ ಅನ್ನು. ಅದರ ಒಂದು ನಿರ್ದಿಷ್ಟ ದೋಷ ಭಾರತದಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಅಣ್ಣನಲ್ಲಿ ದೋಷ ಯಾವುದೆಂದು ತಿಳಿದರೆ ನಿಮ್ಮಲ್ಲೂ ಮಾವನಲ್ಲೂ ಅದೊಂದನ್ನೇ ಹುಡುಕಿದರೆ ಸಾಕು. ಇಬ್ಬರಲ್ಲಿ ಒಬ್ಬರು ವಾಹಕರಲ್ಲ ಎಂದಾದರೆ ಆ ಕಿವುಡುತನದ ಭಯ ಹೋಯಿತು. ಇಬ್ಬರೂ ವಾಹಕರೆಂದಾದರೆ ಅಪಾಯ 32ರಲ್ಲಿ ಒಂದಲ್ಲ, ನಾಲ್ಕರಲ್ಲಿ ಒಂದು. ಉಳಿದ ಜೀನ್‌ಗಳ ಕಾಲುಭಾಗದ ಪಾಲು ಆಗಲೂ ಹಾಗೆಯೇ ಇರುತ್ತದೆ. ಎಷ್ಟೇ ದೊಡ್ಡ ಪರೀಕ್ಷೆ ಮಾಡಿಸಿದರೂ ಅಪಾಯ ಸೊನ್ನೆ ಎಂದು ಯಾವ ವರದಿಯೂ ಹೇಳಲಾರದು.

ಎಲ್ಲಿಗೆ ಹೋಗುವುದು? ಇಎಸ್‌ಐ ಸೌಲಭ್ಯವಿದ್ದರೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಕಿವಿ, ಮೂಗು, ಗಂಟಲು ವಿಭಾಗದಿಂದಲೇ ಶುರುಮಾಡಬಹುದು. ತಳಿವಿಜ್ಞಾನದ ಸಲಹೆಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇದೆ. ವಿಜಯನಗರದಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ, ಆರ್.ವಿ. ರಸ್ತೆಯಲ್ಲಿ 2025ರ ಆಗಸ್ಟ್‌ನಲ್ಲಿ ಆರಂಭವಾದ ಹಳದಿ ಮಾರ್ಗಕ್ಕೆ ಬದಲಾಯಿಸಿದರೆ ಅತ್ತ ತಲುಪುತ್ತೀರಿ. ಫೋನ್ ಮಾಡಿ ಸಮಯ ಗೊತ್ತುಮಾಡಿಕೊಂಡು ಹೋಗಿ. ನೀವು ಬರೆದ ವಂಶವೃಕ್ಷ, ಅಣ್ಣನ ಹಳೆಯ ಆಡಿಯೊಗ್ರಾಮ್, ದೊಡ್ಡಮ್ಮನ ಹೆರಿಗೆಯ ಕಾಗದಗಳು ಸಿಕ್ಕಿದರೆ ಅವು, ಎಲ್ಲವೂ ಜೊತೆಗಿರಲಿ. ಯಾರನ್ನೇ ಮದುವೆಯಾಗುವುದಾದರೂ ಥಲಸೇಮಿಯಾ ವಾಹಕ ಪರೀಕ್ಷೆ ಮಾಡಿಸಿ. ಒಂದು ರಕ್ತಪರೀಕ್ಷೆಯಲ್ಲಿ ಮುಗಿಯುವ ಕೆಲಸ ಅದು.

ಗೆಳತಿಯ ಬ್ಲಡ್ ಗ್ರೂಪ್ ಮಾತನ್ನು ಮರೆತುಬಿಡಿ. ಗಂಡ ಹೆಂಡತಿಯದು ಒಂದೇ ಗುಂಪಾದರೆ ಮಗುವಿಗೆ ಏನೂ ಆಗುವುದಿಲ್ಲ. ತಾಯಿ ನೆಗೆಟಿವ್, ತಂದೆ ಪಾಸಿಟಿವ್ ಆದಾಗ ಎಚ್ಚರ ಬೇಕು, ಅದಕ್ಕೆ ಆಂಟಿ-ಡಿ ಚುಚ್ಚುಮದ್ದಿದೆ. ನಿಮ್ಮಿಬ್ಬರದೂ ಪಾಸಿಟಿವ್, ಆ ಪ್ರಶ್ನೆಯೇ ಇಲ್ಲ.

ಸೋದರಿಕೆ ಬಿಟ್ಟ ಕೂಡಲೇ ವಂಶದ ಕಾಯಿಲೆಯ ಭಯವೆಲ್ಲ ಹೋಗುತ್ತದೆ ಎಂದೂ ತಿಳಿಯಬೇಡಿ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಸೊಂಟ, ಮಂಡಿಯ ಕೀಲು ಸವೆದು ಜನ ನಡೆಯಲಾರದೆ ಹೋದಾಗ, ಗದ್ದೆಯ ಏಡಿ ತಿಂದದ್ದರಿಂದ, ಕೀಟನಾಶಕದಿಂದ ಹೀಗಾಯಿತೇನೋ ಎಂಬ ಅನುಮಾನವಿತ್ತು. ಕೊನೆಗೆ ಅದು ವಂಶವಾಹಿಯ ಕಾಯಿಲೆ ಎಂದು ಗೊತ್ತಾಯಿತು. ಅದರಲ್ಲಿ ಒಂದೇ ಕೆಟ್ಟ ಪ್ರತಿ ಸಾಕು, ತಂದೆ ಅಥವಾ ತಾಯಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧ. ಅಂಥ ಕಾಯಿಲೆಯನ್ನು ಹೊರಗಿನ ಮದುವೆ ತಡೆಯುವುದಿಲ್ಲ. ರಕ್ತಸಂಬಂಧ ಇಲ್ಲದೆಯೂ ತಲೆತಲಾಂತರದಿಂದ ತಮ್ಮೊಳಗೇ ಹೆಣ್ಣು ಕೊಟ್ಟು ತಂದ ಸಮುದಾಯಗಳಲ್ಲಿ ಕೆಲವು ದೋಷಗಳು ಹೆಚ್ಚು. ಆರ್ಯ ವೈಶ್ಯರಲ್ಲಿ ಕೆಲವರಿಗೆ ಶಸ್ತ್ರಚಿಕಿತ್ಸೆಯ ವೇಳೆ ಕೊಡುವ ಒಂದು ಸ್ನಾಯು ಸಡಿಲಿಸುವ ಔಷಧ ಬೇಗ ಇಳಿಯುವುದಿಲ್ಲ ಎಂಬುದು ಅರಿವಳಿಕೆ ವೈದ್ಯರಿಗೆ ತಿಳಿದಿರುವ ವಿಷಯ. ಪ್ರತಿ ಮನೆಗೂ ಅದರದೇ ಲೆಕ್ಕವಿದೆ.

ದೊಡ್ಡಮ್ಮನ ಬಗ್ಗೆ ಒಂದು ಮಾತು. ಇಂಥ ಮನೆಗಳಲ್ಲಿ ತಾಯಿಯ ಹೊಟ್ಟೆಯನ್ನು ದೂರುವುದನ್ನು ನಾನು ಬಹಳ ಕೇಳಿದ್ದೇನೆ. ಎರಡು ಪ್ರತಿಗಳಲ್ಲಿ ಒಂದು ದೊಡ್ಡಪ್ಪನದು. ಯಾರೂ ಬೇಕೆಂದು ಕೊಟ್ಟಿಲ್ಲ. ಅಣ್ಣನನ್ನೂ ನಿಮ್ಮ ಮದುವೆಯ ವಾದಕ್ಕೆ ಸಾಕ್ಷ್ಯವನ್ನಾಗಿ ಮಾಡಬೇಡಿ. ಕಿವುಡುತನದೊಂದಿಗೆ ದುಡಿದು, ಸಂಸಾರ ಮಾಡಿ ಬದುಕುತ್ತಿರುವವರು ಈ ಊರಿನಲ್ಲಿ ಸಾವಿರಾರು ಮಂದಿ. ಇವತ್ತು ಹುಟ್ಟುವ ಮಗುವಿನ ಕಿವಿಯನ್ನು ಮೊದಲ ತಿಂಗಳಲ್ಲೇ ಪರೀಕ್ಷಿಸಬಹುದು, ಆರು ತಿಂಗಳೊಳಗೆ ಶ್ರವಣಸಾಧನ ಕೊಡಿಸಬಹುದು, ಸನ್ನೆಭಾಷೆ ಕಲಿಸಬಹುದು. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1960ರ ದಶಕದಿಂದ ಈ ಕೆಲಸದಲ್ಲಿದೆ.

ಈಗ ನೀವು ಕೇಳದೆ ಬಿಟ್ಟ ಪ್ರಶ್ನೆ. ಡಾಕ್ಟರು ಬೇಡ ಎಂದು ಬರೆದುಕೊಟ್ಟರೆ ಸಾಕು ಎಂದಿದ್ದೀರಿ. ಹಾಗೆ ಬರೆದುಕೊಡುವುದು ತಳಿವೈದ್ಯರ ಕೆಲಸವಲ್ಲ. ಅವರು ಅಂಕಿ ಕೊಡುತ್ತಾರೆ, ದಾರಿಗಳನ್ನು ತೋರಿಸುತ್ತಾರೆ, ತೀರ್ಮಾನವನ್ನು ನಿಮಗೇ ಬಿಡುತ್ತಾರೆ. ಒಂದು ವೇಳೆ ವರದಿಯಲ್ಲಿ ನೀವು ವಾಹಕಿ ಅಲ್ಲ ಎಂದು ಬಂದರೆ? ‘ನೋಡು, ಡಾಕ್ಟರೇ ಹೇಳಿದರು’ ಎಂದು ಮನೆಯವರು ಮರುದಿನವೇ ಕಲ್ಯಾಣಮಂಟಪ ಗೊತ್ತುಮಾಡುತ್ತಾರೆ. ಆಗ ಏನು ಹೇಳುತ್ತೀರಿ? ಬೇಡ ಎಂಬುದನ್ನು ಕಾಯಿಲೆಯ ಹೆಸರಿನಲ್ಲಿ ಹೇಳಿದರೆ, ಕಾಯಿಲೆ ಇಲ್ಲವೆಂದ ದಿನ ಒಪ್ಪಿಕೊಂಡಂತಾಗುತ್ತದೆ.

ನಿಮಗೆ ಮಾವನ ಮೇಲೆ ಪ್ರೀತಿ ಇದೆ, ಅದು ಮಾವನ ಮೇಲಿನ ಪ್ರೀತಿ. ಅದನ್ನು ಮೊದಲು ಹೇಳಬೇಕಾದದ್ದು ಅವರಿಗೇ. ನೀವು ಬರೆದಿರುವುದನ್ನು ನೋಡಿದರೆ ಅವರು ಕೇಳಿಸಿಕೊಳ್ಳುವ ಮನುಷ್ಯ. ಯಾರಿಗೆ ಗೊತ್ತು, ಅಕ್ಕನ ಮಾತು ಮೀರಲಾರದೆ ಅವರೂ ಸುಮ್ಮನಿರಬಹುದು. ಅವರು ನಿಮ್ಮ ಪಕ್ಕ ನಿಂತರೆ ಅಜ್ಜಿಗೆ ಹೇಳುವುದು ಸುಲಭ. ಅಪ್ಪನಿಗೂ ತಿಳಿಸಿ, ಅವರ ಅಭಿಪ್ರಾಯ ನಿಮ್ಮ ಪತ್ರದಲ್ಲಿ ಎಲ್ಲೂ ಕಾಣಲಿಲ್ಲ. ಅಜ್ಜಿಗೆ ಬೇಕಿರುವುದು ನೀವು ಕಣ್ಣೆದುರಿಗಿರುವುದು. ಬಸವೇಶ್ವರನಗರದಿಂದ ವಿಜಯನಗರಕ್ಕೆ ವಾರಕ್ಕೊಮ್ಮೆ ಹೋಗಿಬರಲು ಮದುವೆಯಾಗಬೇಕಿಲ್ಲ. ಮಾತು ಮಿತಿಮೀರಿ ಒತ್ತಾಯಕ್ಕೆ ತಿರುಗಿದರೆ ನೆನಪಿಡಿ, ನಿಮ್ಮ ಒಪ್ಪಿಗೆಯಿಲ್ಲದೆ ಈ ಮದುವೆ ಮಾಡಲು ಯಾರಿಗೂ ಹಕ್ಕಿಲ್ಲ. ಮಹಿಳಾ ಸಹಾಯವಾಣಿ 181.

ಪೂರ್ತಿ ಯೋಚಿಸಿ ನೀವೇ ಮಾವನನ್ನು ಒಪ್ಪುವುದಾದರೆ, ಅಣ್ಣನ ಪರೀಕ್ಷೆ ಮುಗಿದು ನಿಮ್ಮಿಬ್ಬರ ವರದಿ ಬರುವವರೆಗೆ ಲಗ್ನಪತ್ರಿಕೆ ಅಚ್ಚು ಹಾಕಿಸಬೇಡಿ. ಒಪ್ಪದಿದ್ದರೆ ಯಾವ ವರದಿಗೂ ಕಾಯಬೇಡಿ. ಒಲ್ಲೆ ಎನ್ನಲು ವೈದ್ಯಕೀಯ ಪ್ರಮಾಣಪತ್ರ ಬೇಕಿಲ್ಲ.

ಇದನ್ನು ಓದುವ ಹಿರಿಯರಲ್ಲಿ ಒಂದು ವಿನಂತಿ. ಮನೆಯಲ್ಲಿ ಸೋದರಿಕೆಯ ಮಾತು ಎದ್ದಾಗ ಜಾತಕ ತೋರಿಸುವ ಹೊತ್ತಿಗೇ ಮೂರು ತಲೆಮಾರಿನ ವಂಶವೃಕ್ಷವನ್ನೂ ಬರೆದು ವೈದ್ಯರಿಗೆ ತೋರಿಸಿ. ಅದಕ್ಕೂ ಮೊದಲು ಹುಡುಗಿಯನ್ನು ಕೇಳಿ.